ಪೂಜೆಗೆ ಕೂತ ವಿಮಾನಗಳು

ಎಲ್ಲ ಶುರುವಾದದ್ದು ಶಿವಪ್ರಸಾದನ ಒಂದು ಮರ್ಯಾದೆಯ ಮಾತಿನಿಂದ. ಮ್ಯಾನೇಜರ್ ಟೋನಿ, ಬರೀ ಪ್ರಯೋಗಕ್ಕೆಂದೇ ಕಟ್ಟಿದ ವಿಮಾನಗಳ ಬಗ್ಗೆ ಕೊರೆಯುತ್ತಿದ್ದಾಗ ಇವನು "ವೆರಿ ಇಂಟರೆಸ್ಟಿಂಗ್" ಅಂದುಬಿಟ್ಟ. ಪರದೇಶದ ಮೊದಲ ಚಳಿಗಾಲದಲ್ಲಿ ತನ್ನದೇ ಕೋಟು ತೊಡಿಸಿದ ಪುಣ್ಯಾತ್ಮನಿಗೆ ಇನ್ನೇನು ಅನ್ನಲಾದೀತು? ಮರುದಿನವೇ ಅಂಥ ವಿಮಾನಗಳ ಇತಿಹಾಸವೆಲ್ಲ ತುಂಬಿದ, ಅಕ್ಕಿಮೂಟೆಯಂಥ ಆಕರಗ್ರಂಥವೊಂದು ಅವನ ಮನೆ ಸೇರಿತು. ತಿಂಗಳಾದರೂ ಅವನು ಅದರ ರಟ್ಟು ತೆರೆಯಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿ. ಪಿಸ್ಕಾಟವೇಯ ಆಫೀಸಿನಲ್ಲಿ ಕಂಪ್ಯೂಟರ್ ಸಿಸ್ಟಂ ಕೈಕೊಟ್ಟರೆ ಹತ್ತು ನಿಮಿಷದಲ್ಲಿ ಓಡಿಬರುವಷ್ಟು ಹತ್ತಿರ ಇರಬೇಕೆಂದು ಕಟ್ಟಪ್ಪಣೆ. ಹೆಂಡತಿ ಸುಪ್ರಿಯಾಳ ಕೆಲಸ, ಮನೆ ಎರಡೂ ಗಂಟೆ ದಾರಿಯ ಹೋಬೋಕನ್ನಿನಲ್ಲಿ. ಮದುವೆಯಾಗಿ ಐದು ತಿಂಗಳಾದರೂ ಶಿವಪ್ರಸಾದ ಶನಿವಾರ-ಭಾನುವಾರದ ಗಂಡ. ಹೋಬೋಕನ್ ಆಫೀಸಿಗೆ ವರ್ಗವಾಗಲು ಟೋನಿಯ ಸಹಿಯೊಂದು ಬೇಕಿತ್ತು. ಹೆಂಡತಿಗಾಗಿ ಅಂತ ಹೇಳಲು ನಾಚಿ, ಅರ್ಜಿಯಲ್ಲಿ ಕಾರಣ "ಪರ್ಸನಲ್" ಎಂದಷ್ಟೇ ಬರೆದಿದ್ದ.

ಆ ಬೆಳಿಗ್ಗೆ ಟೋನಿ, "ನಾಲ್ಕು ಗಂಟೆಗೆ ಪುಸ್ತಕ ತಂದುಕೊಡು, ಅರ್ಜಿಗೆ ಸಹಿ ಹಾಕಿಕೊಡ್ತೀನಿ," ಅಂದ.

ಮಧ್ಯಾಹ್ನ ಮನೆಗೆ ಓಡಿದರೆ ಪುಸ್ತಕ ದೇವರ ಮುಂದೆ ಕೂತಿದೆ! ರಟ್ಟಿನ ಮೇಲಿನ ವಿಮಾನದ ಮೂತಿಗೆ ಅರಿಶಿನ ಕುಂಕುಮ, ರೆಕ್ಕೆಗೆ ಸೇವಂತಿಗೆ. ಮಾಡಿದವರು ರೂಮ್‌ಮೇಟ್ ಬಸವನ ತಾಯಿ ಶಿವಗಂಗಮ್ಮ. ಹುಬ್ಬಳ್ಳಿಯಿಂದ ಬಂದು ಎರಡು ವಾರವಾಗಿತ್ತು.

"ಇವತ್ತ ಸರಸ್ವತಿ ಪೂಜಾ ಅಲ್ಲೇನಪಾ? ನಿಮ್ಮ ಮನ್ಯಾಗ ದಪ್ಪನ ಪುಸ್ತಕ ಅಂದ್ರ ಇದೊಂದ. ನಾಳೆ ಮುಂಜಾನಿ ತನಕಾ ಮುಟ್ಟಂಗಿಲ್ಲ."

"ಅಯ್ಯೋ, ಅದು ನಮ್ಮ ಬಾಸ್‌ದು, ಆಂಟಿ!"

"ಇರ್ಲಿ ತಗೋ, ಅಂವಗೂ ಪುಣ್ಯ ಬರ್ತದ."

ಗಲಾಟೆ ಕೇಳಿ ಪಕ್ಕದ ಮನೆಯ ಪ್ರಭಾಕರ ಕರೆಯದೇ ಬಂದ. "ಜ್ವರ ಅಂತ ಹೇಳಿ ರಜಾ ಹಾಕಿಬಿಡಿ. ಪುಸ್ತಕ ನಾಳೆ ಕೊಟ್ರಾಯ್ತು," ಎಂದು ಫೋನನ್ನು ಕೈಗೇ ತುರುಕಿದ. ಶಿವಪ್ರಸಾದ ಕೆಮ್ಮುತ್ತ ಫೋನ್ ಮಾಡಿದ.

ಮೂರು ಗಂಟೆಗೆ ಬಾಗಿಲು ಬಡಿದ ಸದ್ದು. ಹೋಳಿಗೆ ಜಗಿಯುತ್ತಲೇ ತೆರೆದರೆ, ಬಿಸಿ ಸೂಪಿನ ಡಬ್ಬಿ ಹಿಡಿದು ಟೋನಿ ನಿಂತಿದ್ದಾನೆ! ಶಿವಗಂಗಮ್ಮ ಶೂ ಬಿಡುವಂತೆ ಕೈಸನ್ನೆ ಮಾಡಿ ಅವನನ್ನು ಒಳಗೆ ಕರೆದೇಬಿಟ್ಟರು.

ಟೋನಿ ಪುಸ್ತಕ ನೋಡಿದ. ಅರಿಶಿನದ ಕಲೆಯನ್ನೂ ನೋಡಿದ. ಹೋಬೋಕನ್ ಕೈತಪ್ಪಿತೆಂದು ಶಿವಪ್ರಸಾದ ಬಾಯಲ್ಲಿದ್ದ ಹೋಳಿಗೆಯನ್ನು ಗಬಕ್ಕನೆ ನುಂಗಿದ.

"ಸಾರಿ ಟೋನಿ. ಇವತ್ತು ನಾವು ಪುಸ್ತಕಗಳಿಗೆ ಪೂಜೆ ಮಾಡ್ತೀವಿ. ನಾಳೆವರೆಗೂ ಮುಟ್ಟೋ ಹಾಗಿಲ್ಲ..."

ಟೋನಿಯ ಕಣ್ಣು ತುಂಬಿಬಂತು. "ಈ ವಿಮಾನಗಳಿಗೆ ಬೋಲ್ಟು ಬಿಗಿದವರಲ್ಲಿ ನಮ್ಮಪ್ಪನೂ ಒಬ್ಬ. ಒಂದು ಫೋಟೋದ ಮೂಲೇಲಿ ಅವನ ಕಿವಿ ಕಾಣುತ್ತೆ. ನಮ್ಮನೇಲಿ ಈ ಪುಸ್ತಕನ ಕುಂಟು ಮೇಜಿನ ಕಾಲಡಿ ಇಟ್ಟಿದ್ರು. ನೀನು ಹೂವಿಟ್ಟಿದ್ದೀಯ!" ಎಂದು ಬಾಚಿ ತಬ್ಬಿಕೊಂಡ. ಸುಳ್ಳು ಜ್ವರಕ್ಕೆ ಸೂಪು ಹೊತ್ತು ತಂದ ಈ ಮನುಷ್ಯನ ಋಣ ಯಾವ ಜನ್ಮದಲ್ಲಿ ತೀರೀತು ಎಂದು ಶಿವಪ್ರಸಾದನಿಗೆ ಅನ್ನಿಸಿತು.

ಟೋನಿ ಜೇಬಿನಿಂದ ವರ್ಗದ ಅರ್ಜಿ ತೆಗೆದ. ಶಿವಪ್ರಸಾದ ಗಡಬಡಿಸಿ ಪೆನ್ನು ಚಾಚಿದ.

"ಪೆನ್ನು ಬೇಡ," ಎಂದ ಟೋನಿ, ಅರ್ಜಿಯನ್ನು ಪರ್ರನೆ ಹರಿದು. "ನೀನು 'ಪರ್ಸನಲ್' ಅಂತ ಬರೆದಾಗ, ನನ್ನ ವಿಮಾನದ ಕತೆಗೆ ಬೇಸತ್ತು ನೀನು ಓಡಿಹೋಗ್ತಿದ್ದೀಯ ಅಂದ್ಕೊಂಡಿದ್ದೆ. ಇಂಥ ಹುಡುಗನ್ನ ಯಾರಾದ್ರೂ ಬಿಟ್ಟುಕೊಡ್ತಾರಾ? ನಾನು ರಿಟೈರ್ ಆಗೋವರೆಗೂ ನೀನು ನನ್ನ ಪಕ್ಕದಲ್ಲೇ!"

"ನೋಡಿದೇನ, ತಾಯಿ ಹೆಂಗ ಕೈ ಹಿಡಿದಳು!" ಎಂದು ಇಂಗ್ಲಿಷ್ ತಿಳಿಯದ ಶಿವಗಂಗಮ್ಮ ದೇವಿಗೆ ಕೈಮುಗಿದರು.

ಶಿವಪ್ರಸಾದ ಹೆಂಡತಿಯ ವಿಷಯ ಹೇಳಲೆಂದೇ ಬಾಯಿ ತೆರೆದ. ಟೋನಿ ಒದ್ದೆಗಣ್ಣಲ್ಲಿ ನಗುತ್ತಿದ್ದ. ಬಾಯಿಂದ ಹೊರಬಿದ್ದದ್ದು, "ಥ್ಯಾಂಕ್ ಯೂ, ಟೋನಿ."