ಜಯಮ್ಮನ ಅಂಗಡಿ ಎದುರು

ಮನೆಗೆ ಸಾಮಾನು ತರುವುದು ಒಂದು ಕೆಲಸವಾದರೆ, ತಂದ ಸಾಮಾನಿಗೆ ಬೀದಿಯವರೆಲ್ಲರಿಗೂ ಸಮಜಾಯಿಷಿ ಕೊಡುವುದು ಇನ್ನೊಂದು ಕೆಲಸ. ಇದು ನನಗೆ ತಿಳಿದದ್ದು ಮದುವೆಯಾಗಿ ರಾಮನಗರಕ್ಕೆ ಬಂದ ಮೇಲೆ. ನಾನು ಮೂಲತಃ ಗುಟ್ಟು ಮಾಡುವ ಹೆಂಗಸಲ್ಲ. ಚನ್ನಪಟ್ಟಣದ ಆಚೆ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಹಾಗಿದ್ದೂ ಹೋದ ವರ್ಷವಿಡೀ ನಮ್ಮ ಬೀದಿಯಲ್ಲಿ ನಾನು ತಲೆ ತಗ್ಗಿಸಿಕೊಂಡು ಕಳ್ಳಿಯ ಹಾಗೆ ಓಡಾಡಿದೆ. ನಾನು ಮಾಡಿದ ತಪ್ಪೆಂದರೆ ತೊಗರಿಬೇಳೆಯನ್ನು ಫೋನಿನಲ್ಲಿ ತರಿಸಿದ್ದು.

ಅದು ಹೇಗೆ ತಪ್ಪಾಗುತ್ತದೆ ಎಂದು ಕೇಳುವವರಿಗೆ ಜಯಕ್ಕನ ಪರಿಚಯವಿಲ್ಲ. ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಬೋರ್ಡಿನ ಮೇಲೆ ಯಾವುದೋ ದೇವರ ಹೆಸರಿದೆ, ಆದರೆ ಆ ಹೆಸರು ಹೇಳಿ ದಾರಿ ಕೇಳಿದರೆ ಜಯಕ್ಕನಿಗೇ ಗೊತ್ತಾಗಲಿಕ್ಕಿಲ್ಲ. ಎಲ್ಲರಿಗೂ ಅದು ಜಯಮ್ಮನ ಅಂಗಡಿ. ದಿನಸಿ ಒಳಗೆ, ತರಕಾರಿ ಹೊರಗೆ, ಎರಡರ ನಡುವೆ ಜಯಕ್ಕ. ಅವರು ಕೇಳಿದ್ದನ್ನು ಕೊಡುತ್ತಾರೆ, ಆದರೆ ಯಾಕೆ ಕೇಳಿದಿರಿ ಎಂದು ತಿಳಿದುಕೊಂಡೇ ಕೊಡುತ್ತಾರೆ. ಬೇಳೆ ಬೇಗ ಮುಗಿದರೆ ನೆಂಟರು ಬಂದಿದ್ದಾರೆಯೇ ಎಂದು ಕೇಳುತ್ತಾರೆ, ಬೇಗ ಮುಗಿಯದಿದ್ದರೆ ಮನೆಯಲ್ಲಿ ಮಾತುಕತೆ ನಿಂತಿದೆಯೇ ಎಂದು ಕೇಳುತ್ತಾರೆ. ಒಮ್ಮೆ ಒಂದಿಷ್ಟು ಓಮಿನಕಾಳು ಕೇಳಿದ್ದಕ್ಕೆ, ನಾನು ಗೇಟು ತೆರೆದು ಒಳಗೆ ಹೋಗುವುದರೊಳಗೆ ನಮ್ಮವರ ಹೊಟ್ಟೆಯ ಸ್ಥಿತಿ ಬೀದಿಯ ಕೊನೆಯ ಮನೆಗೆ ತಲುಪಿತ್ತು. ಬೇಕಾದದ್ದನ್ನು ಕೊಡದೆ ವಾಪಸು ಕಳಿಸುವುದೂ ಉಂಟು. ಬದನೆಕಾಯಿ ಕೇಳಿದರೆ, ಇವತ್ತಿಂದು ಬೇಡ, ಹುಳ ಇದೆ, ಹೀರೇಕಾಯಿ ತಗೊಂಡು ಹೋಗಿ ಎನ್ನುತ್ತಾರೆ. ಹೀರೇಕಾಯಿ ನಮ್ಮವರಿಗೆ ಆಗದು ಎಂದರೆ, ಆಗುವಂತೆ ಮಾಡುವುದು ಹೇಗೆಂದು ಹೇಳಿಕೊಡುತ್ತಾರೆ. ಅಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತದೆ.

ಹೀಗೆ ಬಸ್ಸು ತಪ್ಪಿಸಿಕೊಂಡು ತಡವಾಗಿ ಹೋದ ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಗೋಳು ಹೇಳಿಕೊಂಡೆ. ಇಂಗ್ಲಿಷ್ ಹೇಳಿಕೊಡುವ ಪ್ರೇಮಾ ಮೇಡಂ ನನ್ನನ್ನು ಮರುಕದಿಂದ ನೋಡಿ, ನನ್ನ ಫೋನು ತೆಗೆದುಕೊಂಡು, ಒಂದು ಆ್ಯಪ್ ಹಾಕಿಕೊಟ್ಟರು. ವಿಳಾಸ ತುಂಬುವಾಗ ಒಂದು ತೊಡಕಾಯಿತು. ಮ್ಯಾಪಿನಲ್ಲಿ ನಮ್ಮ ಮನೆ ಊರಾಚೆಯ ಬೆಟ್ಟದ ನೆತ್ತಿಯ ಮೇಲೆ ಕಾಣಿಸುತ್ತಿತ್ತು. ಆ ಬೆಟ್ಟದ ಮೇಲೆ ರಣಹದ್ದುಗಳನ್ನು ಬಿಟ್ಟರೆ ಬೇರೆ ಯಾರಿಗೂ ಮನೆಯಿಲ್ಲ. ಸುಲಭವಾಗಿ ಸಿಗುವ ಗುರುತು ಏನಾದರೂ ಹೇಳಿ ಎಂದರು ಪ್ರೇಮಾ. ಗಂಟೆ ಹೊಡೆದಿತ್ತು, ಎಂಟನೇ ಕ್ಲಾಸಿಗೆ ಹೋಗಬೇಕಿತ್ತು. ಹುಟ್ಟಿದಾಗಿನಿಂದ ಹೇಳುತ್ತ ಬಂದವಳ ಹಾಗೆ, ಜಯಮ್ಮನ ಅಂಗಡಿ ಎದುರು ಎಂದುಬಿಟ್ಟೆ. ಅವರು ಹಾಗೆಯೇ ಬರೆದರು.

ಆನ್‌ಲೈನಿನ ಸುಖ ಏನೆಂದರೆ ಅದು ಏನನ್ನೂ ಕೇಳುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒತ್ತಿದರೆ ಸಂಜೆ ಬಾಗಿಲಿಗೆ ಚೀಲ ಬರುತ್ತದೆ. ಮೊದಲ ತಿಂಗಳು ನಾನು ಓಮಿನಕಾಳನ್ನು ಬೇಕಿಲ್ಲದಿದ್ದರೂ ತರಿಸಿದೆ, ಯಾರೂ ಕೇಳುವುದಿಲ್ಲವೆಂಬ ಸಂತೋಷಕ್ಕೆ. ಎರಡನೆಯ ತಿಂಗಳಿಂದ ಅದೂ ಕೇಳಲು ಶುರುಮಾಡಿತು. ಏನಾದರೂ ಮರೆತಿರಾ ಎಂದಿತು. ನಿಮ್ಮಂಥವರು ಇದನ್ನೂ ಕೊಂಡಿದ್ದಾರೆ ಎಂದು ಕೂಸುಗಳಿಗೆ ಕುಡಿಸುವ ಗ್ರೈಪ್ ವಾಟರ್ ತೋರಿಸಿತು. ಕೊರತೆಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ತೆಂಗಿನಕಾಯಿಯನ್ನು ಬೆರಳಿನಿಂದ ಬಡಿದು ನೋಡುವಂತಿಲ್ಲ. ಎಲ್ಲದಕ್ಕೂ ಗ್ರಾಮು, ಕಿಲೋ ಹೇಳಬೇಕು. ನಮ್ಮ ಕಡೆಯ ಅಡುಗೆಮನೆ ನಡೆಯುವುದೇ 'ಒಸಿ' ಎಂಬ ಅಳತೆಯ ಮೇಲೆ. ಒಸಿ ಜೀರಿಗೆ, ಒಸಿ ಇಂಗು. ಅದಕ್ಕೆ ಆ್ಯಪಿನಲ್ಲಿ ಗುಂಡಿಯೇ ಇಲ್ಲ.

ನಮ್ಮವರು ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರು. ಅವರಿಗೆ ಮೊದಲಿನಿಂದಲೂ ನನ್ನ ಆ್ಯಪಿನ ಬಗ್ಗೆ ಗುಮಾನಿ. ಅಲ್ಲಿಯೂ ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತದೆ, ಆದರೆ ಬೆಲೆ ಒತ್ತುವ ಮುಂಚೆ ಪ್ರತಿಯೊಬ್ಬನೂ ರಾಶಿಗೆ ಕೈ ಹಾಕಿ, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಒತ್ತುತ್ತಾನಂತೆ. ನೀನು ಏನನ್ನು ಅಲ್ಲಾಡಿಸಿ ನೋಡಿದೆ ಎಂದು ಕೇಳಿದರು. ನಾನು ಫೋನನ್ನೇ ಅಲ್ಲಾಡಿಸಿ ತೋರಿಸಿದೆ.

ಅವರ ಬಾಯಿ ಮುಚ್ಚಿಸಲು ನನ್ನ ಹತ್ತಿರ ಇನ್ನೂ ಬಲವಾದ ಸಾಕ್ಷಿ ಇತ್ತು. ಅದು ಕೊಸರು. ತೂಕ ಮುಗಿದ ಮೇಲೆ ಪ್ರೀತಿಗೆ ಒಂದಿಷ್ಟು ಹೆಚ್ಚಿಗೆ ಹಾಕುತ್ತಾರಲ್ಲ, ಅದು. ಯಂತ್ರಕ್ಕೆ ಕೊಸರು ಗೊತ್ತಿರುವುದಿಲ್ಲ ಎಂದು ನಾನೂ ತಿಳಿದಿದ್ದೆ. ಆದರೆ ಮೊದಲನೆಯ ಚೀಲದಿಂದಲೇ ಮೇಲ್ಗಡೆ ಒಂದು ಹಿಡಿ ಕರಿಬೇವು, ಎರಡೆಳೆ ಕೊತ್ತಂಬರಿ ಇಟ್ಟಿರುತ್ತಿತ್ತು. ಬಿಲ್ಲಿನಲ್ಲಿ ಅದರ ಸುದ್ದಿಯೇ ಇಲ್ಲ. ಅದೂ ಪ್ಲಾಸ್ಟಿಕ್ಕಿನಲ್ಲಲ್ಲ, ಬಾಳೆನಾರಿನಲ್ಲಿ ಕಟ್ಟಿದ್ದು. ನಾನು ಆ್ಯಪಿಗೆ ಎಲ್ಲ ನಕ್ಷತ್ರಗಳನ್ನೂ ಕೊಟ್ಟು, ಈ ಕಂಪನಿಗೆ ನಮ್ಮ ಸಂಪ್ರದಾಯವೂ ಗೊತ್ತು, ಪರಿಸರದ ಕಾಳಜಿಯೂ ಇದೆ ಎಂದು ಬರೆದೆ. ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಸಣ್ಣದೊಂದು ಭಾಷಣವನ್ನೂ ಮಾಡಿದೆ. ಪ್ರೇಮಾ ಮೇಡಂ ತಮಗೆ ಮಾತ್ರ ಯಾವತ್ತೂ ಕರಿಬೇವು ಬಂದಿಲ್ಲವೆಂದರು. ನಾನು ಒಳ್ಳೆಯ ಗಿರಾಕಿಗಳನ್ನು ಅವರು ಗುರುತಿಸುತ್ತಾರೆ ಎಂದೆ. ಅದಾದ ಮೇಲೆ ಒಂದು ವಾರ ಪ್ರೇಮಾ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಉಳಿದದ್ದು ಜಯಕ್ಕನ ಪ್ರಶ್ನೆ. ಅವರಿಗೆ ಗೊತ್ತಾಗಬಾರದು, ಇದೊಂದೇ ನನ್ನ ಚಿಂತೆ. ಎದುರು ಮನೆಯವಳೇ ಬಿಟ್ಟು ಹೋದಳು ಎಂದು ಅವರು ನೊಂದುಕೊಂಡರೆ ಆ ಮುಖವನ್ನು ದಿನಾ ನೋಡುವವಳು ನಾನು. ಅದಕ್ಕಾಗಿ ಅನುಮಾನ ಬಾರದಂತೆ ಆಗಾಗ ಹೋಗಿ ಬೆಂಕಿಪೊಟ್ಟಣ ತರುತ್ತಿದ್ದೆ. ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣಗಳ ರಾಶಿ ಎಷ್ಟಾಯಿತೆಂದರೆ ನಮ್ಮವರು ಭಯಪಟ್ಟು ಅದನ್ನು ಗ್ಯಾಸಿನಿಂದ ದೂರದ ಕೋಣೆಗೆ ಸಾಗಿಸಿದರು. ಒಂದು ದಿನ ಜಯಕ್ಕ, ಬರೀ ಬೆಂಕಿಪೊಟ್ಟಣವನ್ನೇ ಒಯ್ಯುತ್ತೀರಲ್ಲ, ಅಡುಗೆ ಮಾಡುವುದಿಲ್ಲವೇ ಎಂದು ಕೇಳಿದರು. ಡಾಕ್ಟರು ಡಯಟ್ ಮಾಡಲು ಹೇಳಿದ್ದಾರೆ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಮಾರನೆಯ ದಿನದಿಂದ ನನ್ನನ್ನು ನೋಡಲು ಜನ ಬಂದರು. ಒಬ್ಬರು ಎಳನೀರು ತಂದರು. ಇನ್ನೊಬ್ಬರು ಕನಕಪುರದ ಹತ್ತಿರದ ಹಳ್ಳಿಯಲ್ಲಿ ನಾಡಿ ನೋಡುವವರೊಬ್ಬರ ಹೆಸರು ಹೇಳಿ, ಬಸ್ಸಿನ ವೇಳೆಯನ್ನೂ ತಿಳಿಸಿಹೋದರು. ಕಾಯಿಲೆ ಇಲ್ಲದ ನಾನು ಕಾಯಿಲೆಯವಳಂತೆ ಕೂತು, ಅವರು ಹೋದ ಮೇಲೆ ಆನ್‌ಲೈನಿನಲ್ಲಿ ಬಂದ ಗೋಡಂಬಿ ತಿಂದೆ.

ಆಶ್ಚರ್ಯವೆಂದರೆ, ಆ ಒಂದು ಪ್ರಶ್ನೆಯಾದ ಮೇಲೆ ಜಯಕ್ಕ ನನ್ನನ್ನು ಏನೂ ಕೇಳದಾದರು. ಬೆಂಕಿಪೊಟ್ಟಣ ಕೊಡುತ್ತಾರೆ, ಚಿಲ್ಲರೆ ಕೊಡುತ್ತಾರೆ, ಸುಮ್ಮನಾಗುತ್ತಾರೆ. ನಾನು ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದೆನೋ ಅದೇ ಸಿಕ್ಕಿತ್ತು. ಆದರೂ ರಸ್ತೆ ದಾಟಿ ವಾಪಸು ಬರುವಾಗ ಬೇಸರವಾಗುತ್ತಿತ್ತು. ಮನೆಗೆ ನೆಂಟರು ಬಂದರೇ ಎಂದು ಯಾರಾದರೂ ಕೇಳಲಿ ಅನ್ನಿಸುತ್ತಿತ್ತು. ಇದನ್ನು ನಮ್ಮವರಿಗೆ ಹೇಳಲಿಲ್ಲ, ಅವರಿಗೆ ಗೂಡಿನ ಮಾತೆತ್ತಲು ಒಂದು ನೆಪ ಸಿಕ್ಕಂತಾಗುತ್ತಿತ್ತು.

ಮಾಗಿ ಚಳಿ ಶುರುವಾದಾಗ ಸೋಲೂರಿನಿಂದ ನಮ್ಮತ್ತೆ ಬಂದರು. ಪ್ರತಿವರ್ಷ ಅವರೆಕಾಯಿಯ ಕಾಲಕ್ಕೆ ಅವರು ಬರುವುದು, ಬರುವಾಗ ಹೊಲದಿಂದ ಒಂದು ಚೀಲ ಸೊಗಡವರೆ ತರುವುದು, ನಾನು ಹಿತಕಿದಬೇಳೆ ಸಾರು ಮಾಡುವುದು ವಾಡಿಕೆ. ಈ ಸಲ ಅವರ ಹೊಲದಲ್ಲಿ ಅವರೆ ತಡವಾಗಿ ಹೂ ಬಿಟ್ಟಿದ್ದರಿಂದ ಬರಿಗೈಯಲ್ಲಿ ಬಂದರು. ಅದಕ್ಕೇನಂತೆ ಎಂದು ನಾನು ಆನ್‌ಲೈನಿನಲ್ಲಿ ತರಿಸಿದೆ. ಕಾಯಿಗಳು ಒಂದೇ ಅಳತೆಯವು, ಹಸಿರಾಗಿ, ತೊಳೆದಿಟ್ಟಂತೆ ಇದ್ದವು. ಅತ್ತೆ ಒಂದು ಕಾಯಿ ತೆಗೆದುಕೊಂಡು, ಅಂಗೈಯಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಸ್ವಲ್ಪ ಹೊತ್ತು ಕಾದು, ಕೆಳಗಿಟ್ಟರು.

"ಸೊಗಡೇ ಇಲ್ವಲ್ಲವ್ವ," ಎಂದರು. "ಇದ್ನ ಬೇಯಿಸಿದ್ರೂ ಒಂದೇ, ಬುಟ್ರೂ ಒಂದೇ."

ಸೊಗಡಿಲ್ಲದ ಅವರೆ ಎಂದರೆ ನಮ್ಮ ಕಡೆ ದೊಡ್ಡ ಮಾತು. ಇಬ್ಬನಿ ಬಿದ್ದ ಕಾಯಿಯ ಆ ಜಿಡ್ಡು ವಾಸನೆ ಕೈಗೆ ಮೆತ್ತಿಕೊಂಡು, ಸೋಪಿಗೂ ಹೋಗದೆ ಮಾರನೆಯ ದಿನಕ್ಕೂ ಇರಬೇಕು. ನನ್ನ ಆ್ಯಪಿನ ಮಾನ ಹೋಗುತ್ತಿತ್ತು. ತಕ್ಷಣ ದೂರು ಬರೆಯಲು ಕೂತೆ. ಸೊಗಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಪ್ರೇಮಾ ಮೇಡಂಗೆ ಫೋನು ಮಾಡಿದೆ. ಅವರು ಬಹಳ ಯೋಚಿಸಿ, ಸ್ಮೆಲ್ ಎಂದು ಹಾಕಿ ಎಂದರು. ಅವರೆಕಾಯಿಯಲ್ಲಿ ಸ್ಮೆಲ್ ಇಲ್ಲ ಎಂದು ಬರೆದೆ. ಒಡನೆಯೇ ಉತ್ತರ ಬಂತು. ನಮ್ಮ ತರಕಾರಿಯಲ್ಲಿ ಯಾವ ವಾಸನೆಯೂ ಇಲ್ಲವೆಂದು ತಿಳಿಸಿದ್ದಕ್ಕೆ ಧನ್ಯವಾದಗಳು, ನಿಮ್ಮ ಮೆಚ್ಚುಗೆಯೇ ನಮಗೆ ಸ್ಫೂರ್ತಿ ಎಂದಿತ್ತು. ಇದು ಮೆಚ್ಚುಗೆಯಲ್ಲ, ನನಗೆ ವಾಸನೆ ಬೇಕು ಎಂದೆ. ಹಾಗಾದರೆ ಸಮಸ್ಯೆಯ ಒಂದು ಫೋಟೊ ಕಳಿಸಿ ಎಂದರು.

ವಾಸನೆ ಇಲ್ಲದಿರುವುದರ ಫೋಟೊ ತೆಗೆಯುವುದು ಹೇಗೆಂದು ನಮ್ಮವರೂ ಸೇರಿ ನಾವು ಮೂವರೂ ಕೂತು ಯೋಚಿಸಿದೆವು. ಕೊನೆಗೆ ಅತ್ತೆಯ ಕೈಗೆ ಕಾಯಿ ಕೊಟ್ಟು, ಮೂಗಿನ ಹತ್ತಿರ ಹಿಡಿದು ಮುಖವನ್ನು ಒಂದಿಷ್ಟು ಸಪ್ಪೆ ಮಾಡಿಕೊಳ್ಳಿ ಎಂದೆ. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ಆದರೆ ಅವರಿಗೆ ಕ್ಯಾಮೆರಾ ಕಂಡರೆ ನಗುವ ಅಭ್ಯಾಸ. ಕಳಿಸಿದೆವು. ಫೋಟೊದಲ್ಲಿ ಕಾಯಿ ತಾಜಾ ಇರುವಂತೆಯೂ ಗ್ರಾಹಕರು ಸಂತೋಷವಾಗಿರುವಂತೆಯೂ ಕಾಣುತ್ತಿದೆ ಎಂದು ಬರೆದು, ದೂರನ್ನು ಮುಕ್ತಾಯ ಮಾಡಿದರು.

ಅತ್ತೆ ಎದ್ದು ಚಪ್ಪಲಿ ಮೆಟ್ಟಿಕೊಂಡು, ಎದುರುಗಡೆ ಅಂಗಡಿಯಲ್ಲಿ ನೋಡಿಬರುತ್ತೇನೆ ಎಂದು ಹೊರಟೇಬಿಟ್ಟರು. ಅತ್ತೆಗೆ ನನ್ನ ಡಯಟ್ಟೂ ಗೊತ್ತಿಲ್ಲ, ಬೆಂಕಿಪೊಟ್ಟಣದ ರಾಜಕೀಯವೂ ಗೊತ್ತಿಲ್ಲ. ಹಿಂದೆಯೇ ಓಡಿದೆ. ನಾನು ರಸ್ತೆ ದಾಟುವಷ್ಟರಲ್ಲಿ ಇಷ್ಟು ವರ್ಷ ಆ ಅಂಗಡಿಗೆ ಕಾಲಿಡದ ಅತ್ತೆಗೂ ಜಯಕ್ಕನಿಗೂ ಪರಿಚಯವಾಗಿ, ಜಯಕ್ಕನ ತವರು ಸೋಲೂರಿಗೆ ಹತ್ತಿರದ ಕುದೂರಿನ ಕಡೆ ಎಂದು ತಿಳಿದು, ನಡುವೆ ಒಂದು ನೆಂಟಸ್ತನವೂ ಸಿಕ್ಕಿತ್ತು.

"ನಮ್ ಸೊಸೆ ಫೋನ್ನಾಗೆ ಅವರೆಕಾಯ್ ತರ್ಸವ್ಳೆ ಕಣವ್ವ," ಎಂದರು ಅತ್ತೆ. "ಒಸಿನೂ ಸೊಗಡಿಲ್ಲ."

ನಾನು ಟೊಮೆಟೊ ರಾಶಿಯನ್ನೇ ನೋಡುತ್ತ ನಿಂತೆ.

"ಗೊತ್ತು ಕಣಮ್ಮ," ಎಂದರು ಜಯಕ್ಕ. "ಚೀಲ ಬಂದಾಗ್ಲೇ ಮೂಸಿ ನೋಡ್ದೆ. ಹೇಳಾನ ಅಂದ್ಕಂಡೆ. ಟೀಚರಮ್ಮ ಬೇಜಾರ್ ಮಾಡ್ಕತ್ತಾರೆ ಅಂತ ಸುಮ್ಕಾದೆ."

ವಿಷಯ ಇಷ್ಟೇ. ನನ್ನ ವಿಳಾಸ ಓದಿದ ಪ್ರತಿಯೊಬ್ಬ ಡೆಲಿವರಿಯವನೂ ಮೊದಲು ಬಂದು ನಿಲ್ಲುತ್ತಿದ್ದದ್ದು ಜಯಮ್ಮನ ಅಂಗಡಿಯ ಮುಂದೆ. ಅಲ್ಲಿ ಚೀಲ ಇಳಿಸಿ, ನನ್ನ ಹೆಸರು ಹೇಳಿ, ಮನೆ ಯಾವುದೆಂದು ಕೇಳಿ, ಜಯಕ್ಕ ಕೈತೋರಿದ ಮೇಲೆಯೇ ನನ್ನ ಬಾಗಿಲಿಗೆ ಬರುತ್ತಿದ್ದದ್ದು. ಒಂದು ವರ್ಷದಿಂದ ನಾನು ಏನು ತರಿಸಿದೆ, ಯಾವಾಗ ತರಿಸಿದೆ ಎಲ್ಲವೂ ಅವರಿಗೆ ಗೊತ್ತು. ಡಯಟ್ ಮಾಡುವವಳ ಮನೆಗೆ ಬರುವ ತುಪ್ಪವನ್ನೂ ಗೋಡಂಬಿಯನ್ನೂ ನೋಡಿ ಅವರು ಮತ್ತೇನು ಕೇಳಬೇಕಿತ್ತು?

ತಲೆ ಎತ್ತಲಾರದೆ ಕಣ್ಣು ಪಕ್ಕಕ್ಕೆ ಹೊರಳಿಸಿದೆ. ಅಲ್ಲಿ ಒದ್ದೆ ಗೋಣಿಯ ಮೇಲೆ ಕರಿಬೇವಿನ ಸಣ್ಣ ಸಣ್ಣ ಕಟ್ಟುಗಳಿದ್ದವು. ಒಂದೊಂದಕ್ಕೂ ಬಾಳೆನಾರು ಕಟ್ಟಿತ್ತು. ನಾನು ಆ್ಯಪಿಗೆ ಕೊಟ್ಟ ನಕ್ಷತ್ರಗಳೆಲ್ಲ ನೆನಪಾದವು, ಸ್ಟಾಫ್ ರೂಮಿನ ಭಾಷಣವೂ ನೆನಪಾಯಿತು.

"ಕರಿಬೇವು ನೀವು ಹಾಕ್ತಿದ್ರಾ ಜಯಕ್ಕ?" ಎಂದು ಕೇಳಿದೆ.

"ಅವ್ರು ಕೊಸರು ಹಾಕಲ್ವಲ್ಲ," ಎಂದರು ಜಯಕ್ಕ ತಕ್ಕಡಿ ಸರಿಮಾಡುತ್ತ. "ನಮ್ ಅಂಗ್ಡಿ ಹೆಸರು ಬರ್ಕಂಡ್ ಬಂದಿರೋ ಚೀಲ. ಬರಿದಾಗಿ ಹೆಂಗ್ ಕಳ್ಸಾದು?"

ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನಗೆ ಬಂದದ್ದು ನಾಚಿಕೆ, ಅದರ ಹಿಂದೆಯೇ ಒಂದು ದೊಡ್ಡ ನೆಮ್ಮದಿ. ಇನ್ನು ಬೆಂಕಿಪೊಟ್ಟಣ ಕೊಳ್ಳಬೇಕಾಗಿರಲಿಲ್ಲ. ಜಯಕ್ಕ ಒಳಗಿನಿಂದ ಬೇರೆ ಚೀಲ ಎಳೆದು, ಮಾಗಡಿ ಕಡೆಯ ಕಾಯಿ ಎಂದು ಅತ್ತೆಯ ಮುಂದೆ ಸುರಿದರು. ಅತ್ತೆ ಉಜ್ಜಿ, ಮೂಸಿ, ಸೆರಗನ್ನೇ ಒಡ್ಡಿದರು. ನನ್ನ ಅಂಗೈಗೂ ಆ ವಾಸನೆ ಹತ್ತಿತು. ಎಷ್ಟು ಜನರಿಗೆ ಅಡುಗೆ, ಎಷ್ಟು ದಿನ ಅತ್ತೆ ಇರುತ್ತಾರೆ, ನಮ್ಮವರ ಹೊಟ್ಟೆ ಈಗ ಹೇಗಿದೆ ಎಂದು ಜಯಕ್ಕ ಒಂದೊಂದಾಗಿ ಕೇಳಿದರು. ನಾನು ಎಲ್ಲದಕ್ಕೂ ವಿವರವಾಗಿ ಉತ್ತರ ಕೊಟ್ಟೆ.

ಕಾಯಿ ತೂಗಿ ಆಯಿತು. ನಾನು ಚೀಲವನ್ನು ಬಾಯಿ ತೆರೆದು ಹಿಡಿದುಕೊಂಡೇ ನಿಂತಿದ್ದೆ. ಜಯಕ್ಕ ಏನು ಬೇಕೆಂಬಂತೆ ನೋಡಿದರು. ಕರಿಬೇವಿನ ಕಡೆ ಕಣ್ಣು ತೋರಿಸಿದೆ.

"ಅದು ಆನ್‌ಲೈನ್‌ನವ್ರಿಗೆ ಕಣ್ರವ್ವ," ಎಂದರು. "ಅಂಗ್ಡಿಗೇ ಬಂದ್ರೆ ಕಾಸಿಗೆ."

ಅಂದಿನಿಂದ ನಾನು ದಿನಸಿ, ತರಕಾರಿ ಎಲ್ಲವನ್ನೂ ಜಯಕ್ಕನ ಅಂಗಡಿಯಲ್ಲೇ ತೆಗೆದುಕೊಳ್ಳುತ್ತೇನೆ. ಬಸ್ಸು ಮತ್ತೆ ತಪ್ಪುತ್ತಿದೆ. ಜೊತೆಗೆ ವಾರಕ್ಕೊಮ್ಮೆ, ತಪ್ಪದೆ, ಆನ್‌ಲೈನಿನಲ್ಲಿ ಒಂದು ಬೆಂಕಿಪೊಟ್ಟಣ ತರಿಸುತ್ತೇನೆ. ಒಗ್ಗರಣೆಗೆ ಕರಿಬೇವು ಬೇಕಲ್ಲ.