ಕಾಕಿಯ ಹೆಜ್ಜೆ ಎಣಿಸಿದ ಕಾಕಾ

ನಮ್ಮ ಕಾಕಾ ಇರದಿದ್ದರೆ ಈ ದೇಶದ ಅರ್ಧ ವಿಮಾನಗಳು ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಹೀಗಂತ ಹೇಳುತ್ತಿದ್ದವರು ಬೇರೆ ಯಾರೂ ಅಲ್ಲ, ಸ್ವತಃ ಕಾಕಾ! ಅವರೇನು ವಿಮಾನ ಹಾರಿಸಿದವರೇ? ಇಲ್ಲ. ರಿಪೇರಿ ಮಾಡಿದವರೇ? ಅದೂ ಇಲ್ಲ. ವಿಮಾನದಿಂದ ಬಿಚ್ಚಿ ತಂದ ಪಂಪು, ವಾಲ್ವುಗಳು ರಿಪೇರಿ ಶೆಡ್ಡಿನೊಳಗೆ ಸುಮ್ಮನೆ ಅಲೆಯದೆ, ಎಲ್ಲೂ ಕೊಳೆಯದೆ, ಒಂದು ಮೇಜಿನಿಂದ ಮುಂದಿನ ಮೇಜಿಗೆ ಸಾಗುವಂತೆ ನೋಡಿಕೊಳ್ಳುವುದು ಅವರ ನೌಕರಿ. ಆ ಪದ್ಧತಿಗೆ ‘ಲೀನ್’ ಅಂತ ಹೆಸರಂತೆ. ಬೇಡದ ಓಡಾಟ ಕಂಡರೆ ಕಾಕಾನಿಗೆ ಮೈಯೆಲ್ಲ ಉರಿ.

ರಿಟೈರಾಗಿ ಮುನವಳ್ಳಿಗೆ ಬಂದ ಮೇಲೆ ಶೆಡ್ಡೆಲ್ಲಿಯದು? ಆದರೆ ಅಡುಗೆಮನೆ ಇತ್ತಲ್ಲ! ಅಲ್ಲಿ ಕಾಕಿ ಇದ್ದರು, ಕಾಕಿಗೆ ಮೊಣಕಾಲು ನೋವಿತ್ತು. ಹೀಗೇ ಓಡಾಡಿದರೆ ಮುಂದೆ ಕೂತಲ್ಲೇ ಕೂರಬೇಕಾದೀತು ಎಂದು ಡಾಕ್ಟರು ಹೆದರಿಸಿದ್ದರು. ಒಲೆ ಬಿಟ್ಟುಕೊಡಲು ಕಾಕಿ ತಯಾರಿಲ್ಲ, ಕಾಕಿಯ ಕಾಲು ಬಿಟ್ಟುಕೊಡಲು ಕಾಕಾ ತಯಾರಿಲ್ಲ.

ಒಂದು ಭಾನುವಾರ ನಾನು ಸವದತ್ತಿಯಿಂದ ಬಸ್ಸು ಹತ್ತಿ ಹೋದಾಗ, ಕಾಕಾ ಸೀಮೆಸುಣ್ಣ ಹಿಡಿದು ಕಾಕಿಯ ಬೆನ್ನಹಿಂದೆಯೇ ಬಗ್ಗಿಕೊಂಡು ನೆಲಕ್ಕೆ ಗೆರೆ ಎಳೆಯುತ್ತ ಹೋಗುತ್ತಿದ್ದರು.

“ಒಂದ್ ಪುಂಡಿಪಲ್ಯಾಕ್ಕ ನಾಕ್ನೂರ ಹನ್ನೊಂದ ಹೆಜ್ಜಿ! ಅಡಗಿ ಮಾಡಾಕತ್ತೀಯೋ, ಎಲ್ಲಮ್ಮನ ಗುಡ್ಡ ಹತ್ತಾಕತ್ತೀಯೋ?”

“ಬೆನ್ನ ಬಿಡ್ರಿ ಮದ್ಲ. ನಾ ಏನ್ ನಿಮ್ಮ ವಿಮಾನದ ಪಂಪ್ ಏನ್ರಿ?”

ಬೆನ್ನು ಬಿಟ್ಟರೆ ಅವರು ಕಾಕಾ ಹೇಗಾದಾರು! ವಾರದೊಳಗೆ ಉಪ್ಪು, ಖಾರ, ಹಿಟ್ಟು ಎಲ್ಲ ಕಾಕಿಯ ಕುರ್ಚಿಯ ಸುತ್ತಲೇ ಕೈಗೆಟುಕುವಂತೆ ಬಂದು ಕೂತವು. ಬಳಸದೆ ಬಿದ್ದ ಸಾಮಾನಿಗೆಲ್ಲ ಕೆಂಪು ಚೀಟಿ. ಮುಂದಿನ ಸಲ ಹೋದಾಗ ಮಧ್ಯಾಹ್ನ ಉಂಡು ಮಲಗಿದವಳು ಎದ್ದು ನೋಡುತ್ತೇನೆ, ನನ್ನ ಕಾಲ್ಬೆರಳಿಗೂ ಒಂದು ಕೆಂಪು ಚೀಟಿ!

ಆಮೇಲೆ ಬಂತು ಹಸಿರು ಕಾರ್ಡು. ರೊಟ್ಟಿ ಬೇಕಾದವರು ತಾಟಿನ ಪಕ್ಕ ಕಾರ್ಡು ನಿಲ್ಲಿಸಬೇಕು. ಕಾರ್ಡು ಎದ್ದರಷ್ಟೇ ಕಾಕಿ ಮುಂದಿನ ರೊಟ್ಟಿ ಬಡಿಯಬೇಕು. ಕೇಳದೆ ಮಾಡಿದ್ದು ದಂಡ! ಅಷ್ಟರಲ್ಲಿ ರಾಮದುರ್ಗದಿಂದ ಕಾಕಾನ ಬೀಗರು ಬಂದರು. ನಮ್ಮ ಕಡೆ ಬೀಗರು ಕೇಳಿ ಉಣ್ಣುವುದುಂಟೇ? ಅವರು “ಸಾಕ್ರಿ, ಸಾಕ್ರಿ” ಅನ್ನುತ್ತಿರಬೇಕು, ನಾವು ಬಡಿಸುತ್ತಲೇ ಇರಬೇಕು. ಪಾಪ, ಒಬ್ಬರೂ ಕಾರ್ಡು ಮುಟ್ಟಲಿಲ್ಲ. ಒಂದೊಂದೇ ರೊಟ್ಟಿ ತಿಂದು ಕೈ ತೊಳೆದರು. “ನೋಡ, ಒಂದ ರೊಟ್ಟೀನೂ ಉಳೀಲಿಲ್ಲ!” ಎಂದು ಕಾಕಾ ಎದೆಯುಬ್ಬಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಅದೇ ಬೀಗರು ಮಿರ್ಚಿ ಭಜಿ ತಿನ್ನುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಕಾಕಿ ಎರಡು ದಿನ ಗಂಡನ ಜೊತೆ ಮಾತು ಬಿಟ್ಟರು.

ಇಷ್ಟೆಲ್ಲ ಮಾಡಿದರೂ ನೋವು ಕೇಳಲಿಲ್ಲ. ಎರಡೂ ಮೊಣಕಾಲಿಗೆ ಆಪರೇಷನ್ ಆಯಿತು. ಈಗ ಡಾಕ್ಟರ ಮಾತೇ ಉಲ್ಟಾ! ದಿನಾ ನಡೆಯಬೇಕು, ಇಲ್ಲದಿದ್ದರೆ ಕಾಲು ಬಿಗಿದುಬಿಡುತ್ತದೆ. ಕಾಕಿಗೋ ನೆಲಕ್ಕೆ ಕಾಲೂರಲೂ ಭಯ. “ಇನ್ನ ನನ್ನ ಕಡಿಂದ ಆಗೂದಿಲ್ಲ, ಬಿಟ್ಟಬಿಡ್ರಿ” ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಅವರು ಏಳುತ್ತಾರೆಂಬ ಆಸೆಯೇ ನನಗಿರಲಿಲ್ಲ.

ತಿಂಗಳು ಬಿಟ್ಟು ಹೋದರೆ ಅಡುಗೆಮನೆಯೇ ಖಾಲಿ! ಸಕ್ಕರೆ ಹಿತ್ತಲ ಬಾಗಿಲಲ್ಲಿ, ಕಪ್-ಬಸಿ ಪಡಸಾಲೆಯಲ್ಲಿ, ಚಹಾಪುಡಿ ತಲಬಾಗಿಲ ಗೂಡಿನಲ್ಲಿ. ಒಂದು ಕಪ್ ಚಹಾಕ್ಕೆ ಇಡೀ ಮನೆ ಸುತ್ತಬೇಕು. ಕಾಕಿ ಗಂಡನ ಎರಡೂ ಕೈ ಹಿಡಿದು ನಡೆಯುತ್ತಿದ್ದರು. ಕಾಕಾ ಅವರ ಮುಖ ನೋಡುತ್ತ ಹಿಮ್ಮುಖವಾಗಿ ಹೆಜ್ಜೆ ಇಡುತ್ತಿದ್ದರು.

“ಇಷ್ಟ ದೂರ ಯಾಕ ಇಟ್ಟೀರಿ? ಇದು ದಂಡದ ಓಡಾಟ ಅಲ್ಲೇನ್ರಿ?”

ಕಾಕಾ ಇನ್ನೊಂದು ಹೆಜ್ಜೆ ಹಿಂದೆ ಸರಿದರು. “ನೀ ನಡೀ,” ಅಂದರು. “ನೀ ನಡದ್ರ ಸಾಕು.”

ಕಾಕಾ ಹೋಗಿ ಎರಡು ವರ್ಷವಾಯಿತು. ಕಾಕಿ ಈಗ ಕೋಲೂ ಇಲ್ಲದೆ ಓಡಾಡುತ್ತಾರೆ. ಮೊನ್ನೆ ಹೋದಾಗ, ಚಹಾಪುಡಿ ಒಳಗೆ ತಂದಿಡಲೇ ಎಂದು ಕೇಳಿದೆ.

“ಬ್ಯಾಡವಾ, ಅಲ್ಲೇ ಇರಲಿ,” ಅಂದರು ಕಾಕಿ. “ಅವ್ರು ಇಟ್ಟದ್ದು.”