ಕಾಕಾನ ಗಾಡಿಯ ಗಾಳಿ

ನಮ್ಮ ಕಾಕಾನಿಗೆ ಹುಚ್ಚು ಹಿಡಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ! ವಿಜಯಪುರದಲ್ಲಿ ನಿವೃತ್ತರಾದವರು ಸೈಟು ಕೊಳ್ಳುತ್ತಾರೆ. ಕಾಕಾ ಗುಜರಿಯಿಂದ ಚಕ್ರದ ಮೇಲಿನ ಮನೆಯೊಂದನ್ನು ಎಳೆದು ತಂದ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೇಲರು. ಒಳಗೆ ಒಂದು ಮಂಚ, ಒಂದು ಸ್ಟೋವು, ಎಡಕ್ಕೊಂದು ಕಿಟಕಿ. ಯಾವ ದೊರೆಯ ಕಾಲದ್ದೋ ಏನೋ! "ಪಂಚಮಿಗೆ ನಿನ್ನ ಇದರಾಗ ತವರಿಗೆ ಕರಕೊಂಡ ಹೋಗ್ತೇನಿ" ಎಂದು ಹೆಂಡತಿಗೆ, ಅಂದರೆ ನಮ್ಮ ಕಾಕುಗೆ ಮಾತು ಕೊಟ್ಟ. ಕನಮಡಿ ಕಾಕುವಿನ ತವರು. ಅವಳು ಖುಷಿಯಿಂದ ಆ ಕಿಟಕಿಗೆ ಪರದೆ ಹೊಲಿದು ಕಟ್ಟಿದಳು. ಪಂಚಮಿಗೆ ಮೊದಲೇ ತೀರಿಕೊಂಡಳು.

ಈ ವರ್ಷ ಪಂಚಮಿ ಹತ್ತಿರ ಬಂದಂತೆ ಕಾಕಾ, "ಕೊಟ್ಟ ಮಾತು ಕೊಟ್ಟ ಮಾತು" ಎಂದು ಎದ್ದು ನಿಂತ. ಆದರೆ ಟೈರು? ಸವೆದು ಬೋಳಾಗಿದ್ದವು. ಜೀಪಿನ ಟೈರು ಚಿಕ್ಕದಾಯಿತು, ಟ್ರ್ಯಾಕ್ಟರಿನದು ದೊಡ್ಡದಾಯಿತು.

"ಇಂಥಾ ಟೈರಿನ ಗಾಡಿಗೋಳೂ ಹೋದ್ವು, ಓಡಸಾವ್ರೂ ಹೋದ್ರು" ಅಂದ ಅಂಗಡಿಯವ.

"ನಾ ಇನ್ನೂ ಹೋಗಿಲ್ರಿ!" ಅಂದ ಕಾಕಾ.

ಇದಕ್ಕಿಂತ ವಿಚಿತ್ರ ಎಡಗಡೆಯ ಟೈರಿನದು. ಬೆಳಿಗ್ಗೆ ಗಾಳಿ ತುಂಬಿಸಿದರೆ ಸಂಜೆಗೆ ಚಪ್ಪಟೆ! ಇಬ್ರಾಹಿಂಪುರದ ಪಂಕ್ಚರ್ ಚಾಚಾ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತಿರುಗಿಸಿ ನೋಡಿದ. "ಒಂದ ಗುಳ್ಳಿನೂ ಏಳವಲ್ದು ಸಾಹೇಬ್ರ. ಆ ಕಡೆ ಯಾರ ಕುಂದರ್ತಾರ್ರಿ?" ಎಂದು ಕೇಳಿದ. ಯಾರು ಕೂಡಬೇಕು? ಎಲೆ ಅಲುಗದ ಮಧ್ಯಾಹ್ನಗಳಲ್ಲೂ ಕಾಕು ಹೊಲಿದ ಆ ಪರದೆ ಮೆಲ್ಲಗೆ ಅಲುಗುತ್ತಿತ್ತು. ಕಾಕಾ "ಸೆಕಿ ಆಗಿರಬೇಕು" ಎಂದು ಕಿಟಕಿ ತೆರೆದಿಟ್ಟ. ಯಾರಿಗೆ ಸೆಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬಬಲೇಶ್ವರದಲ್ಲಾದರೂ ಟೈರು ಸಿಕ್ಕೀತೆಂದು ಗಾಡಿ ಎಳೆದುಕೊಂಡು ಹೊರಟೆವು. ಸಾರವಾಡ ಮುಟ್ಟುವಷ್ಟರಲ್ಲಿ ಎಡಗಡೆ ಕುಸಿಯಿತು. "ಇಲ್ಲಿ ಗಾಳಿ ನೋಡಾವ್ರ ಯಾರ ಅದಾರ್ರಿ?" ಎಂದು ಕಾಕಾ ದಾರಿಹೋಕನನ್ನು ಕೇಳಿದ. ಆತ ಕಾಕಾನನ್ನು ಮೇಲಿಂದ ಕೆಳಗೆ ನೋಡಿ ಒಂದು ಮನೆ ತೋರಿಸಿದ. ಅಲ್ಲೊಬ್ಬ ಮುದುಕಿ ನಿಂಬೆಹಣ್ಣು ಹಿಡಿದು ಕೂತಿದ್ದಳು. ದೆವ್ವದ ಗಾಳಿ ಬಿಡಿಸುವವಳು! ನನಗೆ ತಿಳಿಯಿತು, ಕಾಕಾನಿಗೆ ತಿಳಿಯಲಿಲ್ಲ.

"ಯಾರಿಗಪ್ಪಾ ಗಾಳಿ?"

"ಎಡಗಡೆದಕ್ಕ, ಆಯಿ."

"ಯಾವಾಗಿಂದ?"

"ನನ್ನ ಹೇಂತಿ ಹೋದಾಗಿಂದ. ಸಂಜಿ ಆತಂದ್ರ ಪೂರಾ ಹೋಗಿಬಿಡತೈತಿ."

"ತಾನ ಹೋಗತೈತಿ ಅಂದ್ರ ನಾ ಏನ ಬಿಡಸ್ಲಿ?"

"ಬಿಡಸಬ್ಯಾಡ ಆಯಿ, ಹೋಗದಂಗ ಮಾಡು! ಅದು ಒಳಗ ಇರಬೇಕು!"

ಮುದುಕಿ ನಿಂಬೆಹಣ್ಣು ಕೆಳಗಿಟ್ಟಳು. ಇಂಥ ಬೇಡಿಕೆಯನ್ನು ಅವಳು ಜನ್ಮದಲ್ಲಿ ಕೇಳಿರಲಿಕ್ಕಿಲ್ಲ! ನಾನು ನಗು ತಡೆದುಕೊಂಡು ಟೈರಿನ ಫಜೀತಿ ವಿವರಿಸಿದೆ. ಅವಳು ನಗಲಿಲ್ಲ. ಹೊರಗೆ ಬಂದು ಗಾಡಿಯನ್ನೇ ನೋಡಿದಳು.

"ಎಡಗಿಟಕಿ ಕಡೆ ಹೆಣ್ಮಗಳ ಕುಂತಾಳಲ್ಲೋ. ಎಲ್ಲಿಗೋ ಹೊರಡಾಕ ತಯಾರಾಗಿ ಕುಂತಾಳ" ಅಂದಳು.

ಕಿಟಕಿಯ ಮಾತು ನಾನು ಎತ್ತಿರಲೇ ಇಲ್ಲ. ನನ್ನ ನಗು ಅಲ್ಲೇ ಒಣಗಿತು.

ಮುದುಕಿಯ ಹಿತ್ತಲಲ್ಲಿ ಹಳೆಯ ಎತ್ತಿನ ಬಂಡಿಯೊಂದು ನಿಂತಿತ್ತು, ಟೈರಿನ ಚಕ್ರದ್ದು. "ಇದರ ಟೈರ್ ಹಚ್ಚಿ ನೋಡ್ರಿ" ಅಂದಳು. ಊರೆಲ್ಲ ಹುಡುಕಿದರೂ ಸಿಗದ ಟೈರು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು! "ಈಗ ಹೇಳು, ಗಾಳಿ ಬಿಡಸ್ಲ್ಯಾ?" ಎಂದು ಮುದುಕಿ ಮತ್ತೆ ಕೇಳಿದಳು. ಈ ಸಲ ಕಾಕಾನಿಗೆ ಅರ್ಥವಾಯಿತು. ಕಿಟಕಿಯ ಪರದೆ ನೇರ ಮಾಡಿ ಹೇಳಿದ, "ಬ್ಯಾಡ ಆಯಿ. ತವರಿಗೆ ಹೊಂಟಾಳ."

ಪಂಚಮಿಯ ದಿನ ತಿಕೋಟಾ ದಾಟಿದ ಮೇಲೆ ಕಾಕಾ ರಸ್ತೆಯ ಒಂದೊಂದು ಉಬ್ಬಿಗೂ ಜೀಪನ್ನು ನಿಲ್ಲಿಸಿದಷ್ಟು ನಿಧಾನ ಮಾಡಿದ. ಕಾಕುಗೆ ಸೊಂಟನೋವಿತ್ತು. ಹಿಂದಿನಿಂದ ಬಂದದ್ದು ಬಳೆ ಸದ್ದೋ, ಸ್ಟೋವಿನ ಸದ್ದೋ, ನಾನು ತಿರುಗಿ ನೋಡಲಿಲ್ಲ. ಎಡಗಡೆಯ ಟೈರು ಮಾತ್ರ ಇಳಿಯಲಿಲ್ಲ.

ಕನಮಡಿಯಲ್ಲಿ ಕಾಕುವಿನ ಅಣ್ಣ ಕಾಲಿಗೆ ನೀರು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಕಾಕಾ ಟ್ರೇಲರಿನ ಬಾಗಿಲು ತೆರೆದು ಒಳಕ್ಕೆ ಕೈ ಚಾಚಿದ.

"ಸಾವಕಾಶ ಇಳಿ" ಅಂದ.

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.